ಕೈಯಿಂದ ಎರಡೇ ಎಲೆ

ಅವ್ವಾ,

ಚಾಳೀಸು ಹಾಕಿಕೊಂಡು ಸಾವಕಾಶ ಓದು. ಹಾಲು ಉಕ್ಕುತ್ತದೆ, ಕುಕ್ಕರ್ ಕೂಗುತ್ತದೆ ಎಂದು ನಡುವೆ ಎದ್ದು ಹೋಗುವ ನೆಪ ಈಗ ನಿನಗಿಲ್ಲ. ನಿನ್ನೆ ಪಾಡ್ಯ. ನಿನ್ನ ವರ್ಷದ ಕಾರ್ಯ ಮುಗಿದ ಮೇಲೆ ಮನೆಯಲ್ಲಿ ಮೊದಲ ದೀಪಾವಳಿ. ಗುಂಡು ಕಾಕಾ ಒಂದು ಮಾತು ಹೇಳಿದರು. ಅದನ್ನು ನಿನಗೆ ಮುಟ್ಟಿಸದೆ ನನಗೆ ಸಮಾಧಾನವಿಲ್ಲ. ಆದರೆ ಮೊದಲಿನಿಂದ ಹೇಳಿದರೇ ಅದಕ್ಕೆ ರುಚಿ.

ನೆನಪಿದೆಯಾ, ನಾರಾಯಣಗೂಡದ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಜಮಖಾನೆ ಹಾಸುತ್ತಿದ್ದದ್ದು? ಅಪ್ಪ, ಅಪ್ಪನ ತಮ್ಮ ಗುಂಡು ಕಾಕಾ, ಸರ್ಕಾರಿ ನೌಕರಿಯ ಕಾಲದ ಇಬ್ಬರು ಗೆಳೆಯರು, ಆಟ ರಮ್ಮಿ. ದುಡ್ಡು ಇಡುವ ಹಾಗಿರಲಿಲ್ಲ. ಸೋತವರ ಮನೆಯಾಕೆ ಚಹಾ ಮಾಡಬೇಕು, ಅದೊಂದೇ ಪಣ. ಬೇರೆಯವರ ಹೆಂಡಂದಿರು ಅವರವರ ಮನೆಯಲ್ಲಿರುತ್ತಿದ್ದರು, ಹಾಗಾಗಿ ಯಾರು ಸೋತರೂ ಚಹಾ ನಿನ್ನದೇ. ಗೆಳೆಯರಲ್ಲಿ ಒಬ್ಬರು ಮಗಳ ಮನೆಗೆಂದು ನಾಚಾರಂಗೆ ಹೋದ ಮೇಲೆ ಒಂದು ಜಾಗ ಖಾಲಿಯಾಯಿತು. ಸೆರಗಿಗೆ ಕೈ ಒರೆಸುತ್ತ ನೀನು ಕೇಳಿದ್ದೆ, "ನಾ ಕೂಡ್ಲೇನ್ರಿ?"

"ವೈನಿ, ನಮ್ಮ ಮನ್ಯಾಗ ಹೆಣ್ಣಮಕ್ಕಳು ಎಲಿ ಹಿಡಿಯೂದು ಪಾಡ್ಯಕ್ಕ ಒಂದ ದಿವಸ. ಪದ್ಧತಿ ಐತಿ," ಎಂದರು ಕಾಕಾ. "ಅಂದಂಗ, ಚಹಾ ಆತೇನ್ರಿ?" ಅಪ್ಪ ಎಲೆಗಳಿಂದ ತಲೆ ಎತ್ತಲಿಲ್ಲ. ನಿನ್ನನ್ನು ಕರೆಯುವ ಬದಲು ಮೂರೇ ಮಂದಿ ತಿಂಗಳುಗಟ್ಟಲೆ ಆಡಿದರು.

ಶುಂಠಿ ಜಜ್ಜುವ ಸದ್ದಿಗೆ ನಾನು ಒಳಗೆ ಬಂದಿದ್ದೆ. ಅಷ್ಟು ಜೋರಾಗಿ ಜಜ್ಜುವ ಶುಂಠಿ ಅದಾಗಿರಲಿಲ್ಲ. "ಇಷ್ಟು ವರ್ಷ ಹಿಂದ ನಿಂತು ನೋಡೇನಿ. ಮಾರಿ ನೋಡಿ ಯಾರ ಕೈಯಾಗ ಏನೈತಿ ಹೇಳ್ತೀನಿ. ನನಗೂ ಭಾನುವಾರ ಒಂದ್ಸಲ ಎಲಿ ಹಂಚಲಿ ಅನಸ್ತೈತಿ, ತಪ್ಪೇನು?" ಎಂದೆ ನೀನು. ಸೀರೆ ಬೇಕು, ಬಳೆ ಬೇಕು ಎಂದು ಕೇಳಿದವಳಲ್ಲ ನೀನು. ಜಮಖಾನೆಯ ಮೇಲೆ ಒಂದು ಮೊಳ ಜಾಗ ಬೇಕು ಎಂದು ಕೇಳಿದೆ. ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಆಗ ನಾನು ಆಫೀಸಿನಲ್ಲಿ ಬೆಂಚ್ ಮೇಲಿದ್ದೆ. ಊರಿನ ಆ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಹೊಸ ಪ್ರಾಜೆಕ್ಟ್ ಬರುವವರೆಗೆ ಸಂಬಳ ಕೊಟ್ಟು ಸುಮ್ಮನೆ ಕೂಡಿಸುತ್ತಾರೆ ಎಂದಾಗ ನಿನಗೇನೂ ಆಶ್ಚರ್ಯವಾಗಲಿಲ್ಲ. "ನಿಮ್ಮಪ್ಪನ ಆಫೀಸಿನ್ಯಾಗೂ ಹಂಗ ಇತ್ತು. ಬೆಂಚ್ ಅಂತಿರಲಿಲ್ಲ, ಅಷ್ಟ," ಎಂದಿದ್ದೆ. ಆ ಬೆಂಚ್ ಮೇಲೆ ಕೂತವರಿಗೆಲ್ಲ ನಮ್ಮ ಟೀಮಿನ ಸುನೀತಾ ಕ್ಯಾಂಟೀನಿನಲ್ಲಿ ಒಮಾಹಾ ಎಂಬ ಪೋಕರ್ ಆಟ ಕಲಿಸಿದಳು. ಒಬ್ಬೊಬ್ಬರ ಕೈಗೆ ನಾಲ್ಕು ಎಲೆ. ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು, ಒಟ್ಟು ಐದು. ಕೈಯಿಂದ ಎರಡು, ನಡುವಿನಿಂದ ಮೂರು ಸೇರಿಸಿ ಯಾರ ಐದೆಲೆ ದೊಡ್ಡದೋ ಅವರು ಗೆದ್ದಂತೆ. ನಾನು ಮೊದಲ ದಿನವೇ ಕೈಯಿಂದ ಮೂರು ಎಲೆ ಹಾಕಿದೆ. ಸುನೀತಾ ಬೆರಳೆತ್ತಿ ತೆಲುಗಿನಲ್ಲಿ ಹೇಳಿದಳು, "ಚೇತಿಲೋ ನುಂಚಿ ರೆಂಡೇ. ಎಕ್ಕುವಾ ಕಾದು, ತಕ್ಕುವಾ ಕಾದು." ಕೈಯಿಂದ ಎರಡೇ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮನೆಗೆ ಬರುವ ಬಸ್ಸಿನಲ್ಲಿ ನನಗೆ ಹೊಳೆಯಿತು: ರಮ್ಮಿಯಲ್ಲಿ ಅವರು ಪಂಡಿತರು, ಆದರೆ ಹೊಸ ಆಟದಲ್ಲಿ ಎಲ್ಲರೂ ಅಂಗನವಾಡಿಯ ಮಕ್ಕಳೇ ಅಲ್ಲವೇ? ಪಾಡ್ಯದ ದಿನ ಹೇಗೂ ನಿನಗೆ ಎಲೆ ಹಂಚಲೇಬೇಕು. ಅಷ್ಟರೊಳಗೆ ನಾವಿಬ್ಬರೂ ಕಲಿತುಬಿಟ್ಟರೆ...

ಬೇಗಂ ಬಜಾರಿನಿಂದ ತಂದ ಹುಣಸೆಹಣ್ಣು ಬಿಡಿಸಿ ಬೀಜ ಡಬ್ಬಿಯಲ್ಲಿ ಹಾಕಿಟ್ಟಿದ್ದೆಯಲ್ಲ, ಅದೇ ನಮ್ಮ ನಾಣ್ಯವಾಯಿತು. ಅಪ್ಪ ಮಧ್ಯಾಹ್ನ ಮಲಗಿದ ಮೇಲೆ ಅಡುಗೆಮನೆಯ ನೆಲದ ಮೇಲೆ ಪಾಠ, ಸುನೀತಾಳ "ರೆಂಡೇ"ಯಿಂದಲೇ ಶುರು. ಒಮ್ಮೆ ನಿನ್ನ ಕೈಗೆ ನಾಲ್ಕು ರಾಣಿ ಒಟ್ಟಿಗೆ ಬಂದವು. ಮುಖ ಅರಳಿದ್ದನ್ನು ಮುಚ್ಚಲಿಕ್ಕೆ ನೀನು ಸೆರಗು ಬಾಯಿಗೆ ಹಿಡಿದೆ. ಇದು ಆಟದಲ್ಲೇ ತೀರಾ ಕೆಟ್ಟ ಕೈಗಳಲ್ಲಿ ಒಂದು ಎಂದಾಗ ನಂಬಲಿಲ್ಲ. ಎರಡೇ ರಾಣಿ ಆಡಬಹುದು, ಉಳಿದೆರಡು ಕೈಯಲ್ಲೇ ಸಿಕ್ಕಿಬಿದ್ದಿವೆ, ಮೂರನೆಯ ರಾಣಿ ನಡುವೆ ಬರಲು ಎಲ್ಲಿಂದ ಬರಬೇಕು? ನೀನು ನಾಲ್ಕನ್ನೂ ಒಮ್ಮೆ ನೋಡಿ ಹೇಳಿದೆ, "ಖರೇ ಬಿಡು. ನಾಲ್ಕು ರಾಣ್ಯಾರು ಒಂದ ಮನ್ಯಾಗ ಇದ್ರ ಕೆಲಸ ಯಾರು ಮಾಡಬೇಕು."

ಲೆಕ್ಕ ಬಂದ ದಿನ ನಿನಗೆ ನನಗಿಂತ ಮೊದಲು ತಿಳಿಯಿತು. ನೀನು ಬದಾಮು ಅನ್ನುವುದಕ್ಕೆ ಸುನೀತಾ ಹಾರ್ಟ್ಸ್ ಅನ್ನುತ್ತಾಳೆ. ಐದೂ ಬದಾಮಾದರೆ ದೊಡ್ಡ ಕೈ. ಹದಿಮೂರು ಬದಾಮಿನಲ್ಲಿ ನಿನ್ನ ಕೈಯಲ್ಲಿ ಎರಡು, ನಡುವಿನ ಮೂರೆಲೆಯಲ್ಲಿ ಎರಡು. ಉಳಿದವು ಒಂಬತ್ತು. ಕೈಯ ನಾಲ್ಕು, ನಡುವಿನ ಮೂರು ಬಿಟ್ಟರೆ ನೀನು ಕಾಣದ ಎಲೆ ನಲವತ್ತೈದು. ಹಾಗಾದರೆ ಮುಂದಿನ ಎಲೆ ಬದಾಮು ಬರುವುದು ಐದಕ್ಕೊಮ್ಮೆ. "ನಾ ಮಾತಾಡಿದ್ರ ನಿಮ್ಮಪ್ಪ ಹೂಂ ಅಂದಂಗ," ಎಂದು ನೀನು ಅದನ್ನು ಅಲ್ಲಿಗೇ ಮುಗಿಸಿದೆ. ಕೈಯಲ್ಲಿ ಮೂರು ಬದಾಮು ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ನಾನೇ ಪೆದ್ದಿಯಂತೆ ಕೇಳಿದ್ದಕ್ಕೆ, ಆಡಲಾಗದ ಮೂರನೆಯದು ಬರಬೇಕಾದ್ದರಲ್ಲಿ ಒಂದನ್ನು ತಿಂದುಹಾಕಿತು ಎಂದು ತೋರಿಸಿಕೊಟ್ಟವಳು ನೀನು.

ಕೈ ಕೆಟ್ಟದಿದ್ದರೆ ಬೀಜ ಹಾಕದೆ ಎಲೆ ಕೆಳಗಿಡುವುದು ಮಾತ್ರ ನಿನಗೆ ಬಹಳ ಕಷ್ಟವಾಯಿತು. ತಂಗಳು ರೊಟ್ಟಿಯನ್ನೂ ಖಾರ ಹಾಕಿ ಕುಟ್ಟಿ ಮುಟಗಿ ಮಾಡಿ ಬಡಿಸುವವಳಿಗೆ, ಕೈಗೆ ಬಂದದ್ದನ್ನು ಆಡದೆ ಬಿಡು ಎಂದರೆ ಹೇಗೆ? ಎಂಥ ಕೈ ಬಂದರೂ ನೋಡೋಣ ಎಂದು ಬೀಜ ಹಾಕುತ್ತಿದ್ದೆ, ಸೋಲುತ್ತಿದ್ದೆ. ಕೊನೆಗೆ ಎಣ್ಣೆಗಾಯಿ ಮಾಡುವ ದಿನ ನೀನೇ ದಾರಿ ಕಂಡುಕೊಂಡೆ. ಅದಕ್ಕೆ ಬದನೆಕಾಯಿ ಆರಿಸುವಾಗ ಒಂದು ದೊಡ್ಡದು, ಒಂದು ಸಣ್ಣದು ತರುತ್ತೇವೆಯೇ? ನಾಲ್ಕೂ ಒಂದಕ್ಕೊಂದು ಹೊಂದಬೇಕು, ಇಲ್ಲದಿದ್ದರೆ ಬುಟ್ಟಿಗೆ ವಾಪಸು. ಅಂದಿನಿಂದ ಎಲೆ ನೋಡಿ "ಈ ಬದನಿಕಾಯಿ ಬ್ಯಾಡ" ಎಂದು ಕೆಳಗಿಡುತ್ತಿದ್ದೆ. ಕ್ಯಾಂಟೀನಿನಲ್ಲಿ ಕಲಿತ ನನಗಿಂತ ಕಡಿಮೆ ಸೋತೆ.

ಪಾಡ್ಯದ ಮಧ್ಯಾಹ್ನ ಜಮಖಾನೆಯ ಮೇಲೆ ಅಪ್ಪ, ಗುಂಡು ಕಾಕಾ, ನೀನು, ನಾನು. ಆಟ ನಾನು ಹಂಚಿದ ಒಮಾಹಾ. ಕಾಕಿ ಗೋಡೆಗೊರಗಿ ನೋಡುತ್ತಿದ್ದರು. ಕೈಯಿಂದ ಎರಡೇ ಎಂದು ನಾನು ಮೊದಲೇ ಹೇಳಿದ್ದೆ. ಕಾಕಾ ಚಕ್ಕುಲಿ ಮುರಿಯುತ್ತ, "ತಿಳೀತು ತಿಳೀತು, ಹಂಚವಾ," ಎಂದಿದ್ದರು. ಕೊನೆಯ ಆಟಕ್ಕೆ ಎಲ್ಲರ ಬೀಜವೂ ನಡುವೆ ಬಂದಿತ್ತು. ಅಪ್ಪನೂ ನಾನೂ ಎಲೆ ಬಿಟ್ಟಿದ್ದೆವು. ನಡುವಿನ ಐದರಲ್ಲಿ ನಾಲ್ಕು ಬದಾಮು, ಒಂದು ಇಸ್ಪೀಟಿನ ಎಂಟು. ಕಾಕಾ ಬದಾಮಿನ ಎಕ್ಕಾ ಬಡಿದು ಹಾಕಿದರು. "ಐದೂ ಬದಾಮು. ಮುಗೀತು." ಅವರ ಉಳಿದ ಮೂರು ಎಲೆಗಳಲ್ಲಿ ಇನ್ನೊಂದು ಎಕ್ಕಾ ಇತ್ತು, ಬದಾಮೇ ಇರಲಿಲ್ಲ. ಕೈಯಿಂದ ಒಂದೇ ಹಾಕಿದ್ದರು, ಅದು ನಡೆಯುವುದಿಲ್ಲ. ನಿನ್ನ ಕೈಯಲ್ಲಿ ಹತ್ತು, ರಾಣಿ. ನಡುವೆ ಎಂಟು, ಒಂಬತ್ತು, ಗುಲಾಮ. ಸಾಲಾಗಿ ಐದು. ಆಟ ನಿನ್ನದು. ನಾನು ಬಾಯಿ ತೆರೆಯುವಷ್ಟರಲ್ಲಿ ಜಮಖಾನೆಯ ಮೇಲೆ ನಿನ್ನ ಕೈ ನನ್ನ ಕಾಲ ಹೆಬ್ಬೆರಳನ್ನು ಹಿಡಿದು ಒತ್ತಿತು. ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಬೀಜದ ರಾಶಿಯನ್ನು ಕಾಕಾನ ಕಡೆ ದೂಡಿದೆ. ತುಟಿಯೊಳಗೆ ಏನೋ ಅಂದೆ. ನನಗೆ ಕೇಳಿಸಿತ್ತು, "ರೆಂಡೇ."

ಆಮೇಲೆ ನೀನು ಜಾಗ ಬಿಟ್ಟು ಏಳಲೇ ಇಲ್ಲ. "ಸೋತವರ ಮನಿಯಾಕಿ ಚಹಾ ಮಾಡಬೇಕಲ್ರಿ. ನನಗ ಮನಿಯಾಕಿ ಇಲ್ಲ," ಎಂದು ಅಪ್ಪನ ಮುಖ ನೋಡಿದೆ. ಅಪ್ಪ ಎದ್ದರು, ಅವ್ವಾ. ಚಹಾಪುಡಿ ಎಲ್ಲಿದೆ ಎಂದು ಒಳಗಿನಿಂದ ಕೇಳಿದರು. "ಕಿಡಕಿ ಬಾಜೂಕ, ಸ್ಟೀಲ್ ಡಬ್ಬಿ," ಎಂದು ನೀನು ಕೂತಲ್ಲಿಂದಲೇ ಹೇಳಿದೆ. ಸಂಜೆ ಪಾತ್ರೆ ತೊಳೆಯುವಾಗ ನಾನು ಜಗಳಕ್ಕೇ ನಿಂತೆ: ಗೆದ್ದ ಆಟ ಬಿಡುವುದು ಯಾವ ಬುದ್ಧಿ? ನೀನು ಶಾಂತವಾಗಿ ಹೇಳಿದೆ, "ಮೊದಲನೇ ದಿವಸ ಗೆದ್ರ ಮತ್ತ ಕರಿಯೂದಿಲ್ಲ. ಸೋತ್ರ ಐದಕ್ಕೊಂದು ಕರೀಬಹುದು. ಬೀಜ ತಗೊಂಡು ನಾ ಏನ ಮಾಡ್ಲಿ?" ಮರು ಭಾನುವಾರ ಕಾಕಾ ಚಪ್ಪಲಿ ಬಿಡುತ್ತಲೇ ಕರೆದರು, "ವೈನಿ, ಒಂದ ಕೈ ಕಡಿಮಿ ಐತಿ, ಬರ್ರಿ." ನೀನು ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ.

ಆಮೇಲಿನ ವರ್ಷಗಳಲ್ಲಿ ಆ ಜಾಗ ನಿನ್ನದೇ ಆಗಿತ್ತು. ರಮ್ಮಿಯಲ್ಲಿ ಗೆದ್ದೆ, ಸೋತೆ, ಅಪ್ಪನಿಗೆ ಚಹಾ ಮಾಡಲು ಬಂತು. ಆದರೆ ಪಾಡ್ಯ ಬಂದಾಗಲೆಲ್ಲ ಒಮಾಹಾ ಎಂದರೆ ಕಾಕಾ, "ಆ ಕಂಪ್ಯೂಟರ್ ಮಂದಿ ಆಟ ಬ್ಯಾಡ," ಎನ್ನುತ್ತಿದ್ದರು. ಹೊಸದು ಹಿಡಿಸಲಿಲ್ಲ ಎಂದುಕೊಂಡೆವು. ಆಸ್ಪತ್ರೆಗೆ ಸೇರುವ ಹಿಂದಿನ ಭಾನುವಾರವೂ ನೀನು ಆಡಿದ್ದೆ. ಡಾಕ್ಟರು ಹೊರಗೆ ಕರೆದು ಹೇಳಿದ್ದನ್ನು ನಾನು ನಿನಗೆ ಹೇಳಲಿಲ್ಲ, ಆದರೆ ಎಷ್ಟಕ್ಕೆಷ್ಟು ಎಂದು ನೀನು ನನ್ನ ಮುಖ ನೋಡಿಯೇ ಲೆಕ್ಕ ಹಾಕಿದ್ದೆ, ಅಲ್ಲವೇ? ನೀನಿಲ್ಲದ ಮನೆಗೆ ಬರಲು ಇವತ್ತಿಗೂ ನನಗೆ ಬೇಜಾರು.

ನಿನ್ನೆ ಅಪ್ಪನೇ ಜಮಖಾನೆ ಹಾಸಿದರು. "ನಿಮ್ಮವ್ವ ಆಡಿದ್ಲಲ್ಲ, ಆ ಆಟ ಹಂಚು," ಎಂದರು. ಕಾಕಾ ಬೇಡ ಎನ್ನಲಿಲ್ಲ. ನಾನು ನಿಯಮ ಹೇಳಲು ಶುರುಮಾಡಿದೆ.

"ರೆಂಡೇ," ಎಂದರು ಕಾಕಾ. "ಗೊತ್ತೈತಿ."

"ಯಾವಾಗಿಂದ?" ಎಂದು ಅಪ್ಪ ಕೇಳಿದರು.

"ಅವತ್ತಿಂದ. ವೈನಿ ಬಾಯಾಗ ಅಂದಿದ್ದು ಕೇಳಿಸ್ತು. ಅದು ತೆಲುಗು, ವೈನಿ ಮನ್ಯಾಗ ತೆಲುಗು ಯಾಕ ಮಾತಾಡ್ತಾರ ಅಂತ ತಲಿ ಕೊರೀತು. ಮನಿಗೆ ಹೋಗಿ ಅವ ಎಲಿ ಹಾಕ್ಕೊಂಡು ಕುಂತೆ. ನಂದು ಬರೇ ಎರಡು ಎಕ್ಕಾ. ಆಟ ಅವರದು." ಸ್ವಲ್ಪ ಹೊತ್ತು ಎಲೆ ಕಲಸಿದರು. "ಸೋತೆ ಅಂತ ಹೇಳಾಕ ನಾಲಿಗಿ ಏಳಲಿಲ್ಲ. ಬರ್ರಿ ಅಂತ ಕರಿಯೂದು ಸುಲಭ ಇತ್ತು, ಕರದೆ. ಮತ್ತ ಆ ಆಟ ಆಡಿದ್ರ ಗುಟ್ಟು ಹೊರಬೀಳತಿತ್ತು."

ಆಮೇಲೆ ಎದ್ದರು. ಕಾಕಿ ಏಳಲು ಹೋದದ್ದಕ್ಕೆ, "ನೀ ಕೂಡು. ನನ್ನ ಜಾಗಾದಾಗ ಎಲಿ ಹಿಡಿ," ಎಂದು ತಾವೇ ಅಡುಗೆಮನೆಗೆ ಹೋದರು. ಡಬ್ಬಿ ಎಲ್ಲಿದೆ ಎಂದು ಅಪ್ಪ ಕೂತಲ್ಲಿಂದಲೇ ಹೇಳಿದರು. ಶುಂಠಿ ಹೆಚ್ಚಾಗಿತ್ತು, ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಅಷ್ಟು ವರ್ಷ ತಡವಾಗಿ ಬಂದ ಚಹಾ, ಯಾರೂ ಒಂದು ಗುಟುಕೂ ಬಿಡಲಿಲ್ಲ. ಕಾಕಿ ಕೈಯಿಂದ ಮೂರು ಎಲೆ ಹಾಕಿದರು. ಬರುವ ಶನಿವಾರದಿಂದ ಅವರಿಗೂ ಹುಣಸೆಬೀಜದ ಪಾಠ, ನಿನ್ನ ಬದನೆಕಾಯಿಯಿಂದಲೇ ಶುರುಮಾಡುತ್ತೇನೆ.

ಸೋತು ಆ ಜಾಗ ಸಂಪಾದಿಸಿದೆ ಎಂದು ತಿಳಿದೇ ನೀನು ಹೋದೆ. ಅದೊಂದು ಲೆಕ್ಕ ನಿನಗೆ ತಪ್ಪಿತು, ಅವ್ವಾ. ನೀನು ಗೆದ್ದಿದ್ದೆ, ಅದಕ್ಕೇ ಕರೆದರು.

ನಿನ್ನ
ವಸು