ರಾಜನ ಕುದುರೆ ನೆಗೆತ

ಹಲಸೂರು
೧೨-೩-೧೯೪೪

ಹಬೀಬ್ ಸಾಹೇಬರಿಗೆ ಮುನಿರಾಜಪ್ಪನ ಸಲಾಮು.

ನಿನ್ನೆ ನಮ್ಮಿಬ್ಬರ ಚದುರಂಗದ ಅಂತಿಮ ಪಂದ್ಯದಲ್ಲಿ ನಿಮ್ಮ ರಾಜ ಕುದುರೆಯಂತೆ ನೆಗೆದಾಗ ಕೈಯೆತ್ತಿ ಆಕ್ಷೇಪಿಸಿದವನು ನಾನು. ನಮ್ಮ ನಾಡಿನ ಆಟದಲ್ಲಿ ರಾಜ ಒಂದು ಸಲ ಹಾಗೆ ನೆಗೆಯಬಹುದೆಂದು ರಸೆಲ್ ಮಾರ್ಕೆಟ್ ಹಿಂದಿನ ನಿಮ್ಮ ಹೊಲಿಗೆ ಅಂಗಡಿಯ ಜಗಲಿಯಲ್ಲಿ ನನಗೆ ಕಲಿಸಿದವರು ನೀವು. ವಿಲಾಯಿತಿ ನಿಯಮದಲ್ಲಿ ಅದಿಲ್ಲ, ಮುಟ್ಟಿದ ರಾಜನನ್ನೇ ನಡೆಸಬೇಕೆಂದರು ತೀರ್ಪುಗಾರರು. ನಡೆಸಿದಿರಿ, ಸೋತಿರಿ. ಏಳುವಾಗ, "ಚೆನ್ನಾಗಿ ಆಡ್ದೆ, ಬೇಟಾ," ಎಂದಿರಿ.

ನಾಳೆ ಬಹುಮಾನದ ಸಭೆಯಲ್ಲಿ ನನಗೆ ಹಾರ ಹಾಕಲು ಬರುತ್ತೀರೆಂದು ಕೇಳಿದೆ. ದಯವಿಟ್ಟು ಬರಬೇಡಿ.

ಪಂದ್ಯಾವಳಿಗೆ ಮುಂಚೆ ಇಂಗ್ಲಿಷಿನ ನಿಯಮದ ಹಾಳೆಯನ್ನು ನನ್ನ ಕೈಗಿಟ್ಟು, "ಓದಿ ಹೇಳಪ್ಪ, ನಂಗೆ ಇದು ಬರಲ್ಲ," ಎಂದಿದ್ದಿರಿ. ಎಲ್ಲವನ್ನೂ ಓದಿ ಹೇಳಿದೆ. ರಾಜನಿಗೆ ಕುದುರೆ ನೆಗೆತವಿಲ್ಲ ಎಂಬ ಒಂದು ಸಾಲನ್ನು ಬಿಟ್ಟು.

ಇತಿ,
ಮುನಿರಾಜಪ್ಪ