ಮೂರು ಬೆರಳಿನ ಹಕ್ಕಿಯ ಹೊಸ ವಿಳಾಸ

ತಾರೀಖು ೧೪, ಭಾನುವಾರ ಬೆಳಿಗ್ಗೆ
ಮ್ಯೂಸಿಯಮ್ಮಿನ ಹಿಂಬದಿಯ ಮನೆ, ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಚಿಲ್ಟು,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಡಾಕ್ಟರು ಉಪ್ಪು ಕಡಿಮೆ ಮಾಡು ಎಂದರೆ ಉಪ್ಪು ಕಡಿಮೆ ಮಾಡಬೇಕೇ ಹೊರತು ಡಾಕ್ಟರನ್ನು ಬದಲಾಯಿಸಬಾರದು. ನಿನ್ನ ಸ್ವಭಾವ ಬಲ್ಲವನಾದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ. ಎಡ ಮಗ್ಗುಲಿಗೆ ಮಲಗುತ್ತೀಯ ತಾನೆ? ಆ ಮಹಡಿ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತುವ ನಿನ್ನ ಶೌರ್ಯವನ್ನು ಸದ್ಯಕ್ಕೆ ಕಟ್ಟಿ ಅಟ್ಟದ ಮೇಲಿಡು. ಒಳಗೆ ಕೂತಿರುವ ಪ್ರಯಾಣಿಕರನ್ನು ಒಂದು ಮಾತು ಕೇಳದೆ ಗಾಡಿಯನ್ನು ಅಷ್ಟು ಜೋರಾಗಿ ಓಡಿಸುವುದು ತರವಲ್ಲ. ಹಡಗಿನಲ್ಲಿರುವ ನಿನ್ನ ಗಂಡನಿಂದ ಫೋನ್ ಬಂತೇ? ಹೆರಿಗೆಯ ಹೊತ್ತಿಗೆ ಅವನು ದಡ ಸೇರುವುದಿಲ್ಲ ಎಂದು ನೀನು ಬರೆದಿದ್ದನ್ನು ಓದಿ ಸಮುದ್ರದ ಮೇಲೆ ನನಗೆ ಸ್ವಲ್ಪ ಕೋಪ ಬಂದಿದೆ. ನಾನು ಚೆನ್ನಾಗಿದ್ದೇನೆ. ಬಲ ಮಂಡಿ ಮಾತ್ರ ಈಚೆಗೆ ಎಲ್ಲ ವಿಷಯದಲ್ಲೂ ತನ್ನದೊಂದು ಅಭಿಪ್ರಾಯ ಇಟ್ಟುಕೊಂಡಿದೆ. ಕನ್ನಡಕದ ಕಡ್ಡಿ ಮುರಿದಿತ್ತು. ಕೊಕ್ಕರೆಯ ಕೊಕ್ಕು ಅಂಟಿಸಿದ ಅಂಟಿನಲ್ಲೇ ಅದನ್ನೂ ಅಂಟಿಸಿದೆ. ಹೀಗಾಗಿ ನಾನೂ ಮೂಗಿನ ಮಟ್ಟಿಗೆ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿದ್ದೇನೆ.

ನಿನ್ನ ಕಾಗದ ಬಂದು ಕೆಲವು ದಿನಗಳಾದವು. "ಅಮ್ಮನ ಹಳೇ ಹತ್ತಿ ಬಟ್ಟೆ ಮೆತ್ತಗಿರೋದು ಇದ್ರೆ ಪಾರ್ಸೆಲ್ ಮಾಡು ಮಾಮ, ಮಗೂಗೆ ಬೇಕಾಗುತ್ತೆ. ಬಾಣಂತನಕ್ಕೆ ನನ್ನ ಕಡೆಯವರು ಅಂತ ಯಾರೂ ಇಲ್ವಲ್ಲ, ಆಸ್ಪತ್ರೆಯವರೇ ಒಬ್ಬ ಆಯಾನ ಗೊತ್ತು ಮಾಡ್ಕೊಡ್ತಾರಂತೆ. ನೀನೇನೂ ಯೋಚನೆ ಮಾಡ್ಬೇಡ" ಎಂದು ಬರೆದಿದ್ದೀಯ. ಮಧ್ಯದ ವಾಕ್ಯವನ್ನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಕನ್ನಡಕದ ತಪ್ಪೇನೂ ಇರಲಿಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ ಬಿಡು. ನಿನ್ನ ಅಮ್ಮ ಹೋದ ಮೇಲೆ ಲೆಕ್ಕಕ್ಕೆ ಉಳಿದವಳು ನಿನ್ನ ದೊಡ್ಡಮ್ಮ ಒಬ್ಬಳು. ಅವಳ ಸೊಂಟಕ್ಕೆ ಈಗ ರೈಲು ಹತ್ತುವ ಯೋಗ್ಯತೆ ಇಲ್ಲ. ಬಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಕ್ಕಿಗಳ ಸಮಾಚಾರ. ನಮ್ಮ ಮನೆಯಲ್ಲಿ ಯಾವತ್ತೂ ಮೊದಲು ಹಕ್ಕಿ, ಆಮೇಲೆ ಮನುಷ್ಯರು ತಾನೆ?

ನಮ್ಮಲ್ಲಿಗೆ ಹೊಸ ಅಧಿಕಾರಿ ಮೇಡಂ ಬಂದಿದ್ದಾರೆ. ವಯಸ್ಸಿನಲ್ಲಿ ನಿನ್ನ ಓರಗೆಯವರು. ಬಂದ ವಾರವೇ, ಹಕ್ಕಿಗಳ ಡ್ರಾಯರುಗಳನ್ನೆಲ್ಲ ಹೊಸ ವರ್ಗೀಕರಣದ ಪ್ರಕಾರ ಜೋಡಿಸಬೇಕೆಂದು ಅಪ್ಪಣೆಯಾಯಿತು. ಚಿಲ್ಟು, ಸತ್ತ ಹಕ್ಕಿಗಳಿಗೂ ವರ್ಗಾವಣೆ ತಪ್ಪಿದ್ದಲ್ಲ ನೋಡು. ಹದ್ದುಗಳ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿದ್ದ ಗಿಡುಗಗಳು ಗಿಳಿಗಳ ಕಪಾಟಿನ ನೆರೆಗೆ ಹೋದವು. ರಕ್ತ ಪರೀಕ್ಷೆ ಮಾಡಿದಾಗ ಅವು ಗಿಳಿಗಳಿಗೇ ಹತ್ತಿರ ಅಂತ ಗೊತ್ತಾಗಿದೆಯಂತೆ. ಗಿಳಿಗಳು ಏನೆಂದವೋ ತಿಳಿಯದು. ಈ ಗಲಾಟೆಯಲ್ಲಿ ನಿನ್ನ ಹಳೆಯ ಸ್ನೇಹಿತರ ಸರದಿಯೂ ಬಂತು. ಮೂರು ಬೆರಳಿನ ಲಾವಕ್ಕಿಗಳು ನೆನಪಿವೆಯೇ? ಮುಷ್ಟಿಯೊಳಗೆ ಹಿಡಿಸುವಷ್ಟು ಗುಂಡಗಿನ ಮೈ, ಗಿಡ್ಡ ಬಾಲ, ಒಣಹುಲ್ಲಿನ ಬಣ್ಣದ ಮೇಲೆ ಮಸಿ ಚೆಲ್ಲಿದಂಥ ಗೆರೆ.

ಅವುಗಳ ಕಥೆ ಕೇಳಿದರೆ ನೀನೂ ಮೂಗಿನ ಮೇಲೆ ಬೆರಳಿಡುತ್ತೀಯ. ನೋಡಲು ಥೇಟ್ ಲಾವಕ್ಕಿ. ಓಡುವುದು, ಅಡಗುವುದು, ಮಣ್ಣು ಕೆದರುವುದು ಎಲ್ಲ ಹಾಗೆಯೇ. ಅದಕ್ಕೇ ಹಳಬರು ಹಿಂದೆಮುಂದೆ ನೋಡದೆ ಕೋಳಿ, ಗೌಜಲಕ್ಕಿ, ಲಾವಕ್ಕಿಗಳ ಕಪಾಟಿಗೆ ಹಾಕಿದರು. ಆಮೇಲೆ ಯಾರೋ ಕಾಲು ಎತ್ತಿ ನೋಡಿದರು: ಹಿಂಬೆರಳೇ ಇಲ್ಲ. ಲಾವಕ್ಕಿಗೆ ನಾಲ್ಕು ಬೆರಳು, ಇದಕ್ಕೆ ಮೂರೇ. ನಮ್ಮವನಲ್ಲ ಎಂದು ಅಲ್ಲಿಂದ ಎಬ್ಬಿಸಿ ಸಾರಸಗಳ ಕಪಾಟಿಗೆ ಕಳುಹಿಸಿದರು. ಆಳುದ್ದದ ಸಾರಸಗಳ ಕಾಲಬುಡದಲ್ಲಿ ಮುಷ್ಟಿಯಷ್ಟಗಲದ ಇದು ಬಹಳ ವರ್ಷ ದೂರದ ನೆಂಟನಂತೆ ಮುದುರಿ ಕೂತಿತ್ತು. ಈಗ ಅಲ್ಲಿಂದಲೂ ಎಬ್ಬಿಸಿದ್ದಾರೆ. ನಿಜವಾದ ಬಂಧುಗಳು ಟಿಟ್ಟಿಭಗಳು, ಕಡಲ ತೀರದ ಹಕ್ಕಿಗಳಂತೆ. ಸಮುದ್ರದ ಮುಖವನ್ನೇ ನೋಡದೆ ಒಣಹುಲ್ಲಿನಲ್ಲಿ ಬಾಳು ಕಳೆದ ಹಕ್ಕಿಗೆ ಅಲೆಗಳ ಮೇಲೆ ತೇಲುವವರು ದಾಯಾದಿಗಳು. ಡ್ರಾಯರನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಹೋಗಿ ಆ ಕಪಾಟಿನಲ್ಲಿ ತಳ್ಳುವಾಗ ನನಗೆ, ಇಷ್ಟು ಮನೆ ತಿರುಗಿದ ಮೇಲೆ ಇವಕ್ಕೆ ಯಾವುದು ತಮ್ಮದು ಅನ್ನಿಸೀತು ಎಂಬ ಯೋಚನೆ ಬಂತು. ಬಾಗಿಲು ಹಾಕಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಮಂಡಿ ನೋವಿಗೆ ಅಂತ ಮೇಡಂಗೆ ಹೇಳಿದೆ.

ಅವುಗಳ ವಾಸದ ಬಗ್ಗೆಯೂ ಹೊಸ ಫಲಕ ಬರೆದಿದ್ದೇವೆ. ಈ ಬಳಗದಲ್ಲಿ ಒಂದೊಂದಕ್ಕೂ ಒಂದೊಂದು ನೆಲ. ಕೆಲವಕ್ಕೆ ಬಟಾಬಯಲಿನ ಹುಲ್ಲು, ಕೆಲವಕ್ಕೆ ಕುರುಚಲು ಪೊದೆ, ಕೆಲವಕ್ಕೆ ಕೊಯ್ಲಾದ ಹೊಲದ ಕೂಳೆ. ದಟ್ಟ ಕಾಡಿನ ತರಗೆಲೆಯ ಮೇಲೆ ಬದುಕುವ ಒಂದು ಜಾತಿಯಂತೂ ಊಟಕ್ಕೆ ಕೂತಾಗ ತನ್ನ ಸುತ್ತ ತಾನೇ ತಿರುಗಿ ಕೆದರಿ, ಎದ್ದು ಹೋದ ಮೇಲೆ ತಟ್ಟೆ ಇಟ್ಟು ತೆಗೆದಂಥ ಗುಂಡನೆಯ ಗುರುತು ಬಿಟ್ಟುಹೋಗುತ್ತದೆ. ಒಟ್ಟಿನಲ್ಲಿ ನೆಲ ಬಿಟ್ಟವರಲ್ಲ. ಹಾರಲು ಬರುತ್ತದೆ, ಮನಸ್ಸಿಲ್ಲ. ಕಾಲಿಗೆ ಸಿಗುವಷ್ಟು ಹತ್ತಿರ ಹೋದರೆ ಬುರ್ರನೆ ಎದ್ದು, ನಾಲ್ಕು ಮಾರು ಆಚೆ ಮತ್ತೆ ಹುಲ್ಲಿಗೆ ಬೀಳುತ್ತವೆ. ನಿನ್ನನ್ನು ಸಂಗೀತದ ತರಗತಿಗೆ ಕಳುಹಿಸಿದಾಗ ನೀನು ಮಾಡುತ್ತಿದ್ದದ್ದೂ ಅದೇ.

ಇನ್ನು ನಿನ್ನ ಗಾಜಿನ ಪೆಟ್ಟಿಗೆಯ ವಿಷಯ. ಹಕ್ಕಿಗಳ ಹಜಾರದ ಮೂಲೆಯದು, ಮೆಟ್ಟಿಲ ಪಕ್ಕದ್ದು. ನಾನು ನಿನ್ನ ಅಮ್ಮನ ಕೈ ಹಿಡಿದಾಗ ನಿನ್ನ ಮುಂದಿನ ಹಲ್ಲುಗಳು ಆಗಷ್ಟೇ ಬಿದ್ದಿದ್ದವು. ಅವಳಿಗೆ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನೂ ಹೋಗುವುದನ್ನೂ ಮೈಕಿನಲ್ಲಿ ಸಾರುವ ಕೆಲಸ. ಸಂಜೆ ಪಾಳಿಯಿದ್ದರೆ ಶಾಲೆ ಬಿಟ್ಟ ನೀನು ನೇರ, ಸತ್ತ ಹಕ್ಕಿಗಳಿಗೆ ಹುಲ್ಲು ತುಂಬುವ ನನ್ನ ಕೆಲಸದ ಕೋಣೆಗೆ. ಅಲ್ಲಿಯ ಔಷಧದ ವಾಸನೆಗೆ ಮೂಗು ಮುಚ್ಚಿಕೊಂಡು, ಚೀಲ ಎಸೆದು, ಆ ಪೆಟ್ಟಿಗೆಯ ಮುಂದೆ ಹೋಗಿ ಕೂರುತ್ತಿದ್ದೆ. ಒಳಗೆ ಇದೇ ಮೂರು ಬೆರಳಿನ ಹಕ್ಕಿಗಳ ಜೋಡಿ: ಹುಲ್ಲಿನ ಬುಡದಲ್ಲಿ ಮೊಟ್ಟೆಗಳ ಮೇಲೆ ಸಣ್ಣದೊಂದು ಮಾಸಲು ಹಕ್ಕಿ. ಪಕ್ಕದಲ್ಲಿ ಕಪ್ಪು ಕೊರಳಿನ, ಎದೆಯುಬ್ಬಿಸಿದ ದೊಡ್ಡದು. ಫಲಕದಲ್ಲಿ, "ಗೂಡಿನ ಮೇಲೆ ತಾಯಿ, ಕಾವಲಿಗೆ ತಂದೆ." ಅದನ್ನು ಕಟ್ಟಿದವರು ನನಗೆ ಕೆಲಸ ಕಲಿಸಿದ ಮೇಷ್ಟ್ರು. ಅವರ ಕೈ ಎಂಥದ್ದೆಂದರೆ ಆ ಹಕ್ಕಿಗಳು ಉಸಿರಾಡುತ್ತಿಲ್ಲ ಎಂದು ನಂಬಲು ಹತ್ತಿರ ಹೋಗಬೇಕು. ಮೇಡಂ ಹತ್ತಿರ ಹೋದರು. ನೋಡಿದರು. ಮೆಲ್ಲಗೆ, "ಇದು ತಿರುಗುಮುರುಗಾಗಿದೆ ಅಲ್ವಾ?" ಎಂದರು.

ಆಗಿತ್ತು. ಈ ಹಕ್ಕಿಗಳಲ್ಲಿ ದೊಡ್ಡದು, ಬಣ್ಣದ್ದು, ಎದೆಯುಬ್ಬಿಸಿದ್ದು ಹೆಣ್ಣು. ಹುಲ್ಲಿನೊಳಗೆ ಕೂತು ದೂರದಲ್ಲಿ ಮೋಟಾರ್ ಸೈಕಲ್ ಹೋದಂತೆ ದನಿ ತೆಗೆಯುವವಳೂ ಅವಳೇ. ಮೊಟ್ಟೆ ಇಟ್ಟು ಅವಳು ತನ್ನ ದಾರಿ ಹಿಡಿಯುತ್ತಾಳೆ. ಆಮೇಲೆ ಕಾವು ಕೊಡುವುದು, ದುಂಬಿಯಷ್ಟಿರುವ ಮರಿಗಳಿಗೆ ಕೊಕ್ಕಿನಿಂದ ಕೊಕ್ಕಿಗೆ ಉಣಿಸುವುದು, ಮಳೆ ಬಂದರೆ ರೆಕ್ಕೆಯಡಿಗೆ ಸೇರಿಸಿಕೊಳ್ಳುವುದು ಎಲ್ಲವೂ ಆ ಮಾಸಲು ಪುಟ್ಟ ಗಂಡಿನ ಕೆಲಸ. ಮೇಷ್ಟ್ರು ಏನು ಮಾಡಿಯಾರು, ಅವರ ಮನೆಯಲ್ಲಿ ಎದೆಯುಬ್ಬಿಸಿ ಓಡಾಡುತ್ತಿದ್ದವರು ಅವರೇ. ನಮ್ಮ ಬಾಗಿಲ ಕಾವಲಿನ ಮೀಸೆಯವನು ಸುದ್ದಿ ಕೇಳಿ ಗಾಬರಿಯಾಗಿ ಓಡಿಬಂದ. "ಏನ್ ಸಾರ್, ಇಷ್ಟು ವರ್ಷ ಗಂಡಸನ್ನ ಹೆಂಗಸು ಅಂತ ತೋರ್ಸಿದ್ವಾ? ಟಿಕೆಟ್ ತಗೊಂಡ್ ನೋಡಿದೋರು ಈಗ ಬಂದು ಜಗಳ ತೆಗೆದ್ರೆ ನಾನು ಬಾಗಿಲಲ್ಲಿ ನಿಂತಿರ್ತೀನಿ ಸಾರ್, ಮೊದಲು ಸಿಗೋನು ನಾನೇ." ಯಾರೂ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವನಿಗೆ ನಂಬಿಕೆ ಬಂದಂತಿಲ್ಲ. ಮೀಸೆಯನ್ನು ಸ್ವಲ್ಪ ಕತ್ತರಿಸಿಕೊಂಡಿದ್ದಾನೆ.

ಪೆಟ್ಟಿಗೆ ತೆರೆದು ಫಲಕ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಗಾಜು ಸರಿಸಿ, ಬ್ರಷ್ಷಿನಿಂದ ಆ ಸಣ್ಣ ಹಕ್ಕಿಯ ಬೆನ್ನಿನ ಧೂಳು ತೆಗೆಯುತ್ತಿದ್ದೆ. ಆಗ ನಿನ್ನ ಮಾತೊಂದು ನೆನಪಾಯಿತು. ಒಂದು ಸಂಜೆ ನಿನಗೆ ಜಡೆ ಹಾಕುತ್ತಿದ್ದೆ. ನನ್ನ ಜಡೆಯೆಂದರೆ ಗೊತ್ತಲ್ಲ, ಹದ್ದಿನ ರೆಕ್ಕೆಗೆ ತಂತಿ ಬಿಗಿಯುವ ಕೈ. ಬಿಚ್ಚಲು ನಿನ್ನ ಅಮ್ಮ ಕತ್ತರಿ ಹುಡುಕಬೇಕಾಗುತ್ತಿತ್ತು. ನೀನು ಗಾಜಿಗೆ ಮೂಗು ಒತ್ತಿಕೊಂಡು ಕೇಳಿದೆ: "ಮಾಮ, ಈ ಅಮ್ಮಂಗೆ ಡ್ಯೂಟಿ ಇಲ್ವಾ? ಯಾವಾಗ್ಲೂ ಇವಳೇ ಕೂತಿರ್ತಾಳಲ್ಲ." ಅಲ್ಲಾಡಬೇಡ, ಜಡೆ ಸೊಟ್ಟಗಾಗುತ್ತೆ ಎಂದಷ್ಟೇ ಹೇಳಿ ನಕ್ಕಿದ್ದೆ. ಮೇಷ್ಟ್ರು ಕಾಣದ್ದನ್ನು, ದಿನಾ ಆ ಗಾಜು ಒರೆಸಿದ ನಾನೂ ಕಾಣದ್ದನ್ನು ನೀನು ಆಗಲೇ ಕೇಳಿದ್ದೆ. ನಿನ್ನ ಮನೆಯಲ್ಲಿ ಅಮ್ಮಂದಿರು ಡ್ಯೂಟಿಗೆ ಹೋಗುತ್ತಿದ್ದರು, ಊರಿಗೆಲ್ಲ ಕೇಳುವಂತೆ ದನಿ ತೆಗೆಯುತ್ತಿದ್ದರು. ಮನೆಯಲ್ಲಿ ಕೂತಿರುತ್ತಿದ್ದ ಮಾಸಲು ಪ್ರಾಣಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು. ಆ ಹೆಣ್ಣು ಹಕ್ಕಿ ಮರಳಿ ಬರುವುದಿಲ್ಲ. ನಿನ್ನ ಅಮ್ಮ ಕೊನೆಯ ಗಾಡಿ ಹೊರಟ ಮೇಲೆ ತಪ್ಪದೆ ಬರುತ್ತಿದ್ದಳು. ಈಗಲೂ ಆ ಹೊತ್ತಿಗೆ ಬಾಗಿಲ ಕಡೆ ನೋಡುತ್ತೇನೆ.

ಹೋದ ವಾರ ನಿನ್ನ ದೊಡ್ಡಮ್ಮ ಆಟೋದಲ್ಲಿ ಬಂದಿದ್ದಳು. ಬಟ್ಟೆ ಆರಿಸಿಕೊಡಲು ನಾನೇ ಕರೆದಿದ್ದೆ. ನಿನ್ನ ಅಮ್ಮನ ಬಟ್ಟೆಯ ಕಪಾಟು ತೆರೆದೆವು. ವಾಸನೆ ಇನ್ನೂ ಇದೆ. ಆಮೇಲೆ ದೊಡ್ಡಮ್ಮ ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿ ಮೆತ್ತಗಿನವನ್ನು ಬೇರೆ ಮಾಡಿದಳು. ನಾನು ಗಂಟಲು ಸರಿಮಾಡಿಕೊಂಡು, ಆಯಾ ಎಷ್ಟು ಚೆನ್ನಾಗಿ ನೋಡಿಕೊಂಡಾಳು, ಮನೆಯವರು ಒಬ್ಬರು ಇದ್ದಿದ್ದರೆ ಎಂದು ರಾಗ ಎಳೆದೆ. ಅವಳಿಗೆ ಅರ್ಥವಾಗದಿರುತ್ತದೆಯೇ? "ಅಯ್ಯೋ, ನೀವು ಹೋಗ್ತೀರಾ? ಬಾಣಂತನ ಅಂದ್ರೆ ನವಿಲಿಗೆ ಹುಲ್ಲು ತುಂಬಿದ ಹಾಗಲ್ಲ ಕಣ್ರೀ" ಎಂದು ಸೊಂಟ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಬಟ್ಟೆ ಮಡಿಸುತ್ತಲೇ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ಇವಳಿದ್ದಾಗ ಬೇರೆ ಮಾತು. ಈಗ ನೀವು ಆ ಹುಡುಗಿಗೆ ಏನಾಗ್ಬೇಕು ಹೇಳಿ? ಅವಳಿಗೂ ಸಂಕೋಚ ಆಗಲ್ವಾ?" ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ತಾಗಿತು. ಹಕ್ಕಿ, ಹಾವು, ಮೊಸಳೆ, ಇಷ್ಟೆಲ್ಲಕ್ಕೂ ಯಾವುದು ಯಾವ ಕುಟುಂಬ ಎಂದು ಚೀಟಿ ಕಟ್ಟಿದವನು ನಾನು. ಕಾಫಿ ತರುತ್ತೇನೆ ಎಂದು ಎದ್ದು ಹೋದೆ.

ಸರಿ, ಬಹಳ ಉದ್ದವಾಯಿತು. ಪೆಟ್ಟಿಗೆ ಈಗ ಸಿದ್ಧವಾಗಿದೆ. ಹೊಸ ಹುಲ್ಲು ಹಾಕಿ, ಮೊಟ್ಟೆಗಳ ಮಾಸಿದ ಚುಕ್ಕೆಗಳಿಗೆ ಮತ್ತೆ ಬಣ್ಣ ಕೊಟ್ಟಿದ್ದೇನೆ. ಹಕ್ಕಿಯನ್ನು ಮಾತ್ರ ಕೂತ ಜಾಗದಿಂದ ಒಂದಿಷ್ಟೂ ಅಲ್ಲಾಡಿಸಲಿಲ್ಲ. ಅದು ಸರಿಯಾಗೇ ಕೂತಿತ್ತು. ದೊಡ್ಡಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಮೀಸೆಯವನು ಉಳಿದ ಮೀಸೆಯ ಸಮೇತ ನಮಸ್ಕಾರ ಹೇಳಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ, ಹೆದರಬೇಡ. ನೀನೂ ನಿನ್ನೊಳಗಿನ ಪ್ರಯಾಣಿಕರೂ ಸುಖವಾಗಿ ಬೇರೆಬೇರೆಯಾಗಿ, ಬೇಗ ಎದುರುಬದುರು ನೋಡಿಕೊಳ್ಳುವಂತಾಗಲಿ.

ಇಂತಿ ನಿನ್ನ
ಹಕ್ಕಿಮಾಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬಟ್ಟೆಯ ವಿಷಯ. ಪಾರ್ಸೆಲ್ ಮಾಡುತ್ತಿಲ್ಲ, ಅಂಚೆಯಲ್ಲಿ ಒದ್ದೆಯಾದೀತು. ನಾನೇ ತರುತ್ತಿದ್ದೇನೆ. ಮೇಲಿನ ಮನೆಯ ನಿವೃತ್ತ ನರ್ಸಮ್ಮ ಗಂಜಿ ಕಾಯಿಸುವುದರಿಂದ ಹಿಡಿದು ಮಗುವನ್ನು ಬಟ್ಟೆಯಲ್ಲಿ ಸುತ್ತುವವರೆಗೆ ಎಲ್ಲ ಹೇಳಿಕೊಟ್ಟಿದ್ದಾರೆ. ಅಭ್ಯಾಸಕ್ಕೆ ಮ್ಯೂಸಿಯಮ್ಮಿನಲ್ಲಿ ಹುಲ್ಲು ತುಂಬಿಟ್ಟ ನಮ್ಮ ನೀರುನಾಯಿ ಸಿಕ್ಕಿತು. ತೂಕವೂ ಸರಿಸುಮಾರು ಅಷ್ಟೇ, ಅಳುವುದಿಲ್ಲ ಎಂಬುದೊಂದೇ ಕೊರತೆ. ಅದನ್ನು ಸುತ್ತಿ ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಾಗ ಮೇಡಂ ಒಳಗೆ ಬಂದುಬಿಟ್ಟರು. ವಿಧಿಯಿಲ್ಲದೆ ಅಲ್ಲೇ ರಜೆ ಕೇಳಿದೆ. "ಯಾರಿಗೆ ಹೆರಿಗೆ?" ಎಂದರು. "ಮಗಳಿಗೆ" ಎಂದೆ. ನಿನ್ನನ್ನು ಕೇಳದೆ ಬಾಯಿಂದ ಬಂದ ಮಾತು. ತಪ್ಪೆನಿಸಿದರೆ ಎದುರಿಗೆ ಸಿಕ್ಕಾಗ ತಿದ್ದು, ಇಲ್ಲಿಂದ ತಿದ್ದಲು ನನ್ನಿಂದಾಗದು. ಶುಕ್ರವಾರ ಬೆಳಗಿನ ಗಾಡಿ. ನಿಲ್ದಾಣಕ್ಕೆ ಬರಬೇಡ, ಬಾಗಿಲು ತೆರೆಯಲೂ ಏಳಬೇಡ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರು. ಬರುವವರು ಯಾರು ಎಂದು ಅವರು ಕೇಳಿದರೆ ಏನು ಹೇಳಬೇಕೆಂಬುದು ನಿನಗೆ ಬಿಟ್ಟಿದ್ದು.