ಎರಡೂವರೆ ಕಿಲೋ ಹಿಟ್ಟು

ತಿಳವಳ್ಳಿ, ತಾಲೂಕು ಹಾನಗಲ್
ಗುರುವಾರ, ೧೨ ಡಿಸೆಂಬರ್ ೨೦೨೪

ನಮ್ಮವರಿಗೆ ಶೀಲಾಳ ಪ್ರೀತಿಯ ನಮಸ್ಕಾರ.

ಕೆಮ್ಮು ಹೋಯಿತೇ? ಹೋದ ಸಲ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದಿರಿ. ನೀವು ಥಂಡಿ ಅಂದಿರಿ, ನನಗೆ ಅದು ಸುರಂಗ ಕೊರೆಯುವ ಧೂಳು ಅನ್ನಿಸಿತು. ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟದ್ದನ್ನು ಕೊರಳಿಗೆ ಇಳಿಬಿಟ್ಟುಕೊಂಡು ಓಡಾಡುವವರು ನೀವು. ಅಲ್ಲಿಯ ಗುಡ್ಡಗಳಲ್ಲಿ ಹಿಮ ಬೀಳುತ್ತಿದೆಯಂತೆ, ಟಿವಿಯಲ್ಲಿ ನೋಡಿ ನಮ್ಮಪ್ಪ ಹೇಳಿದರು. ಅಪ್ಪ ಆರಾಮಾಗಿದ್ದಾರೆ. ಭತ್ತದ ಒಕ್ಕಣೆ ಮುಗಿಯಿತು, ಈಗ ಅಂಗಳದ ತುಂಬ ಗೋವಿನಜೋಳ. ಅವ್ವ ಅದನ್ನು ಹರವಲು ಹೋದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಾಣಂತಿ ಓದಬಾರದು, ಬರೆಯಬಾರದು, ಕಣ್ಣು ಹೋಗುತ್ತವೆ ಎಂದು ಅವಳ ಕಟ್ಟಪ್ಪಣೆ. ನನ್ನ ಕಾದಂಬರಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಾಳೆ. ರಷ್ಯಾದಿಂದ ಕನ್ನಡಕ್ಕೆ ಬಂದ ಪುಸ್ತಕ ಅದು. ಅದರಲ್ಲೂ ಹಿಮವೇ ಬೀಳುತ್ತಿತ್ತು, ಆದ್ದರಿಂದ ಓದುವಾಗ ನಿಮ್ಮ ಹತ್ತಿರ ಇದ್ದ ಹಾಗೆ ಇರುತ್ತಿತ್ತು. ಈಗ ಅದೂ ಇಲ್ಲ. ಅಳವಿ ಪಾಯಸ, ಅಂಟಿನುಂಡಿ, ಸಬ್ಬಸಿಗೆ ಪಲ್ಯ, ಹೊರಸಿನ ಕೆಳಗೆ ಕೆಂಡದ ಬಟ್ಟಲು, ಲೋಬಾನದ ಹೊಗೆ. ಇಷ್ಟೇ ನನ್ನ ಲೋಕ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನು ಬಂದಾಗ ಈ ಕೋಣೆಯಲ್ಲಿ ಯಾರಿಲ್ಲ ಹೇಳಿ. ಓಣಿಯ ಹೆಂಗಸರೆಲ್ಲ ಸುತ್ತ ಕುಳಿತು ನಿಮ್ಮ ದನಿ ಕೇಳುತ್ತಾರೆ, ನಾನು ಹೂಂ, ಹೂಂ ಅನ್ನುತ್ತೇನೆ, ಅಷ್ಟರಲ್ಲಿ ನೀವು ಸುರಂಗದ ಬಾಯಿ ದಾಟಿ ಒಳಗೆ ಹೋಗುತ್ತೀರಿ, ಮಾತು ಕಡಿಯುತ್ತದೆ. ಅದಲ್ಲದೆ, ಬರೆ ಎಂದು ಹೇಳಿದ್ದು ನಿಮ್ಮ ಅವ್ವನೇ. "ಫೋನಿನ್ಯಾಗ ನನಗ ಹೇಳಾಕ ಆಗೂದಿಲ್ಲವಾ. ನೀ ಬರಿ. ಕಾಗದ ಆದರ ರುದ್ರ್ಯಾ ಪೂರ್ತಿ ಓದತಾನ, ನಡುವ ಸಿಟ್ಟಿಗೇಳೂದಿಲ್ಲ" ಅಂದರು. ಆದ್ದರಿಂದ ಪೂರ್ತಿ ಓದಿ. ಮೊದಲೇ ಹೇಳಿಬಿಡುತ್ತೇನೆ, ಕೂಸು ಚೆನ್ನಾಗಿದೆ. ಈಗ ನನ್ನ ಎಡಗೈ ಮಗ್ಗುಲಿಗೆ ಮಲಗಿದೆ. ನಿದ್ದೆಯಲ್ಲಿ ಹುಬ್ಬು ಗಂಟಿಕ್ಕುತ್ತದೆ, ಥೇಟು ನೀವು ಬಸ್ಸಿನ ವೇಳಾಪಟ್ಟಿ ನೋಡುವಾಗ ಮಾಡುವ ಹಾಗೆ.

ಕೂಸು ಹುಟ್ಟಿದ ದಿನ ಅತ್ತೆ ನಿಮಗೆ ಫೋನಿನಲ್ಲಿ ಕೂಗಿ ಹೇಳಿದ್ದು ನೆನಪಿದೆಯಲ್ಲ. "ಎರಡೂವರೆ ಕಿಲೋ ಐತೋ ನಿನ್ನ ಮಗಳು!" ಮರುದಿನ ನೀವು ಹೇಳಿದ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡೆನೋ. ಮೆಸ್ಸಿನ ತಕ್ಕಡಿಯಲ್ಲಿ ಎರಡೂವರೆ ಕಿಲೋ ಗೋಧಿ ಹಿಟ್ಟು ತೂಗಿ, ಚೀಲ ಕಟ್ಟಿ, ಪಾಳಿ ಮುಗಿದ ಮೇಲೆ ಅದನ್ನು ಮೊಣಕೈಯಲ್ಲಿ ಮಲಗಿಸಿಕೊಂಡು ಕೂಡುತ್ತೇನೆ ಅಂದಿರಿ. ನಿಮ್ಮ ಜೊತೆಗಾರ ಅಲ್ಲಾಭಕ್ಷ ಅದನ್ನು ನೋಡಿ "ಲೋರಿ ಹಾಡ್ರಿ ಅಣ್ಣಾರ, ಹಿಟ್ಟು ಅಳಾಕತ್ತೈತಿ" ಎಂದು ನಕ್ಕನಂತೆ. ಇಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಅದೇ ಫೋನಿನಲ್ಲಿ ನೀವು ಇನ್ನೊಂದು ಮಾತು ಅಂದಿರಿ: "ತೂಕ ಚಲೋ ಐತಿ ಅಂದಮ್ಯಾಲೆ ಅವಸರಿಲ್ಲ ಬಿಡ. ನನ್ನ ರಜಾ ಅಲ್ಲಾಭಕ್ಷಗ ಕೊಟ್ಟೇನಿ, ಅವನ ತಂಗಿ ಮದುವಿ ಐತಿ. ನಾ ಫೆಬ್ರವರಿಗೆ ಬರ್ತೇನಿ." ತೂಕ ಚೆನ್ನಾಗಿದೆ ಎಂದು ನಾನೂ ಒಪ್ಪಿಕೊಂಡೆ.

ಈಗ ಆ ತೂಕದ ಕಥೆ. ಹೆರಿಗೆಯಾದ ಬೆಳಿಗ್ಗೆ ವಿಪರೀತ ಚಳಿ. ನಾನಿನ್ನೂ ದವಾಖಾನೆಯ ಮಂಚದ ಮೇಲೇ ಇದ್ದೆ. ಒಂದರ ಹಿಂದೆ ಒಂದು ಹೆರಿಗೆ ಆಗುತ್ತಿದ್ದವು, ಆವತ್ತಿನ ಪಾಳಿಗೆ ಹೊಸದಾಗಿ ಬಂದ ಒಬ್ಬಳೇ ನರ್ಸು. ಕೂಸನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟವಳು ತೂಕಕ್ಕೆಂದು ತಿರುಗಿ ಕೇಳುವಷ್ಟರಲ್ಲಿ ಅತ್ತೆ ಅದಕ್ಕೆ ಕುಂಚಿಗೆ ತೊಡಿಸಿ ಆಗಿತ್ತು, ನಿಮ್ಮ ಹಳೆಯ ಲುಂಗಿಯ ಮೆತ್ತನೆಯ ಅರಿವೆಯಲ್ಲಿ ಸುತ್ತಿ ಆಗಿತ್ತು. "ಬತ್ತಲೆ ಕೂಸನ್ನ ಆ ತಣ್ಣನ ತಗಡಿನ ಮ್ಯಾಲೆ ಮಲಗಿಸಬ್ಯಾಡ್ರೀ, ನಿಮಗೂ ಮಕ್ಕಳದಾವೋ ಇಲ್ಲೋ" ಎಂದರಂತೆ. ಆ ಹುಡುಗಿ ಸುತ್ತಿದ ಹಾಗೆಯೇ ತೂಗಿದಳು. ಎರಡು ಕಿಲೋ ಆರುನೂರು ಬಂತು. ಬಟ್ಟೆಗೆ ನೂರು ಗ್ರಾಂ ಕಳೆದು ತಾಯಿ ಕಾರ್ಡಿನಲ್ಲಿ ಎರಡೂವರೆ ಎಂದು ಬರೆದಳು. ಅದು ಎಲ್ಲರಿಗೂ ಖುಷಿಯಾಗುವ ಸಂಖ್ಯೆ. ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು ಎಂದು ಬರೆದು, ಮೇಲಿಂದ ಮೇಲೆ ತೂಗಿ, ಮನೆಗೆ ಬಂದು ನೋಡುತ್ತಾರೆ. ನಮ್ಮದು ಅಷ್ಟಿದೆಯಲ್ಲ ಎಂದು ಮನೆಗೆ ಕಳಿಸಿದರು.

ಮೊದಲ ವಾರ ಕಳೆದ ಮೇಲೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮಲ್ಲಿಕಾ ಬಂದಳು. ಮಾಮೂಲಿ ಭೇಟಿ. ಕುಂಚಿಗೆ ಬಿಚ್ಚಿ, ಜೋಳಿಗೆಯ ತಕ್ಕಡಿಯಲ್ಲಿ ಕೂಸನ್ನು ಎತ್ತಿ ಹಿಡಿದಳು. ಅವಳ ಮುಖ ನೋಡಿ ನಾನು ಎದ್ದು ಕುಳಿತೆ. ಎರಡು ಕಿಲೋ ನೂರೈವತ್ತು. ಹುಟ್ಟಿದ ಕೂಸು ಮೊದಲು ಸ್ವಲ್ಪ ಇಳಿಯುತ್ತದೆ, ಇದು ಬಹಳ ಆಯಿತು ಅಂದಳು. ನೋಡಲು ಬಂದಿದ್ದ ಅತ್ತೆ ಅಲ್ಲೇ ಇದ್ದರು. "ಹಾಲ ಇಲ್ಲ ಇಕೀಗೆ. ಪುಸ್ತಕ ಓದಿ ಓದಿ ಮೈಯಾಗ ರಕ್ತ ಎಲ್ಲಿಂದ ಬರಬೇಕು? ನಮ್ಮ ಮನೀ ಕೂಸನ್ನ ಒಣಗಸಾಕತ್ತಾಳ" ಅಂದರು. ಅವ್ವ ನನ್ನ ಪರವಾಗಿ ಜಗಳಾಡಲು ಹೋಗಿ, ಕೊನೆಗೆ ತಾನೂ ನನ್ನ ತಟ್ಟೆಗೆ ಇನ್ನೊಂದು ಉಂಡಿ ಹಾಕಿದಳು. ಅದು ಮಾತಿಗಿಂತ ಹೆಚ್ಚು ಚುಚ್ಚಿತು. ಮರುದಿನ ಡಬ್ಬಿ ಹಾಲು ಬಂತು. ನಾನು ಎದೆಗೆ ಹಚ್ಚಿದರೆ ಕೂಸು ಕುಡಿಯುತ್ತದೆ, ಗುಟುಕು ಇಳಿಯುವ ಸದ್ದು ನನಗೆ ಕೇಳಿಸುತ್ತದೆ, ಆದರೂ ನಾನು ನನ್ನ ಕಿವಿಯನ್ನು ನಂಬದೆ ಹೋದೆ. ಕಾರ್ಡಿನಲ್ಲಿ ಎರಡೂವರೆ ಎಂದು ಬರೆದಿದೆ, ಕೂಸು ಎರಡು ಚಿಲ್ಲರೆ ಇದೆ. ಹಾಗಾದರೆ ನಡುವಿನದನ್ನು ನಾನೇ ಕಳೆದಿರಬೇಕಲ್ಲ? ಆ ದಿನಗಳಲ್ಲಿ ನೀವು ಫೋನು ಮಾಡಿದಾಗ ನಾನು ಮಾತಾಡದೆ ಇದ್ದದ್ದು ಮುನಿಸಿನಿಂದಲ್ಲ. ನೀವು ಹಿಟ್ಟಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿರುತ್ತೀರಿ ಎಂಬುದು ಕಣ್ಣಿಗೆ ಕಟ್ಟಿ, ಬಾಯಿ ಬರುತ್ತಿರಲಿಲ್ಲ.

ಆಮೇಲೆ ಮಲ್ಲಿಕಾಳೇ ಹಟ ಹಿಡಿದು ನಮ್ಮನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಆವತ್ತು ಗುಲ್ನಾರ ಸಿಸ್ಟರ್ ಇದ್ದರು, ನಮ್ಮ ಅವ್ವನ ವಯಸ್ಸಿನವರು. ಬರಿ ತಕ್ಕಡಿಯಲ್ಲಿ ಸೊನ್ನೆ ಬರುವವರೆಗೆ ಕಾದು, ಕೂಸಿನ ಮೈಮೇಲಿನದನ್ನೆಲ್ಲ ತೆಗೆದು, ಬೆಚ್ಚಗಿನ ಅರಿವೆ ಹಾಸಿ ಮತ್ತೆ ಸೊನ್ನೆ ಮಾಡಿ ತೂಗಿದರು. ಎರಡು ಕಿಲೋ ನೂರಾತೊಂಬತ್ತು. ನನ್ನ ಎದೆಯಲ್ಲಿ ಹಾಲಿದೆಯೋ ಇಲ್ಲವೋ ನೋಡಿದರು. "ಹಾಲು ಹರದು ಹೊಂಟಾವು. ಕೂಸು ಕುಡೀಯಾಕತ್ತೈತಿ, ಒದ್ದಿ ಮಾಡಾಕತ್ತೈತಿ. ಹಂಗಾದರ ಅಷ್ಟು ತೂಕ ಎಲ್ಲಿ ಹೋತು?" ಎಂದು ಕೇಳಿ, ಹುಟ್ಟಿದ ದಿನ ಮೈಮೇಲೆ ಏನೇನಿತ್ತು ಅಂದರು. ಕುಂಚಿಗೆ, ಅರಿವೆ ಎಂದರು ಅತ್ತೆ. ಎರಡನ್ನೂ ತಕ್ಕಡಿಗೆ ಹಾಕಿದರು. ನೂರರ ಮೇಲೆ ಸ್ವಲ್ಪ. ಆ ಹುಡುಗಿಯ ಲೆಕ್ಕ ಸರಿಯಾಗಿಯೇ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು.

ಆಗ ಅತ್ತೆ ಮುಷ್ಟಿ ಬಿಚ್ಚಿದರು. ಅದರಲ್ಲಿ ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತು ಇತ್ತು. ನಿಮ್ಮ ಅಜ್ಜಿ ಹುಚ್ಚವ್ವನದು, ನೀವು ಹುಟ್ಟಿದಾಗ ನಿಮ್ಮ ತಲೆದೆಸೆಯಲ್ಲಿ ಇಟ್ಟಿದ್ದೇ ಅದು. ಕೂಸಿನ ಹತ್ತಿರ ಕಬ್ಬಿಣ ಇರಬೇಕು, ಗಾಳಿ-ಗೀಳಿ ಸೋಂಕಬಾರದು ಎಂದು ಹತ್ತಿಮತ್ತೂರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಹುಟ್ಟಿದ ಗಳಿಗೆಯಲ್ಲೇ ಕುಂಚಿಗೆಯೊಳಗೆ ಬೆನ್ನಿಗೆ ಸೇರಿಸಿದ್ದರು. ಮನೆಯಲ್ಲಿ ದಿನಾ ತೆಗೆಯುತ್ತಿದ್ದೆವು, ಇಡುತ್ತಿದ್ದೆವು. ಅದಕ್ಕೆ ತೂಕ ಇದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅದು ಕಾಯುವ ವಸ್ತು, ತೂಗುವ ವಸ್ತುವಲ್ಲ. ಅತ್ತೆ ಅದನ್ನು ತಕ್ಕಡಿಯ ಮೇಲೆ ಇಟ್ಟರು. ಇನ್ನೂರಾತೊಂಬತ್ತು ಎಂದು ಕೆಂಪಗೆ ಮೂಡಿತು. ಅವರು ಅಲ್ಲೇ ನೆಲಕ್ಕೆ ಕುಳಿತರು. "ಅದೂ ನನ್ನ ಮೊಮ್ಮಗಳ ಅಂತ ತಿಳದಿದ್ದೆನಲ್ಲೋ ಯಪ್ಪಾ" ಅಂದರು. ಆಮೇಲೆ ನನ್ನ ಪಾದ ಮುಟ್ಟಲು ಬಂದರು, ನಾನು ಕಾಲು ಎಳೆದುಕೊಂಡೆ. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಆದರೆ ಅದಕ್ಕಿಂತ ಮೊದಲು ಎದೆ ತಾನಾಗಿ ತೊಟ್ಟಿಕ್ಕಿತು.

ಅಂದರೆ ನಮ್ಮ ಮಗಳು ಏನನ್ನೂ ಕಳೆದುಕೊಂಡಿರಲಿಲ್ಲ. ಹುಟ್ಟಿದಾಗಲೇ ಎರಡೂಕಾಲಿಗಿಂತ ಕಡಿಮೆ ಇದ್ದಳು. ಇದು ಒಳ್ಳೆಯ ಸುದ್ದಿಯೂ ಹೌದು, ಅಲ್ಲವೂ ಹೌದು. ಗುಲ್ನಾರ ಸಿಸ್ಟರ್ ಡಾಕ್ಟರಿಗೆ ತೋರಿಸಿ, ಕಾರ್ಡಿನ ಹಳೆಯ ಅಂಕಿಯನ್ನು ಒಂದೇ ಗೆರೆಯಿಂದ ಹೊಡೆದರು, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಬಟ್ಟೆ ಮತ್ತು ಕಬ್ಬಿಣದ ಸಮೇತ ತೂಗಿದ್ದು, ನಿಜವಾದ ತೂಕ ಅಂದಾಜು ಎರಡು ಕಿಲೋ ಇನ್ನೂರು ಎಂದು ಬರೆದು ಸಹಿ ಮಾಡಿದರು. "ಎರಡೂವರೆ ಅಂತ ಇದ್ದರ ಈ ಕೂಸನ್ನ ಯಾರೂ ಹೊಳ್ಳಿ ನೋಡೂದಿಲ್ಲ ಬೇಟಾ. ಈಗ ನೋಡತಾರ" ಅಂದರು. ಡಬ್ಬಿ ಹಾಲು ಬಿಡಿಸಿದರು. ಇಂಥ ಸಣ್ಣ ಕೂಸು ಮೈಗೆ ಮೈ ತಾಗಿಕೊಂಡು, ಎದೆಯ ಮೇಲೆಯೇ ಇರಬೇಕಂತೆ, ಆ ಬಿಸುಪಿನಲ್ಲಿ ಬೆಳೆಯುತ್ತದಂತೆ. ಅತ್ತೆ ನೆಲದಿಂದಲೇ ಕೇಳಿದರು, "ನನ್ನ ಎದಿ ನಡೀತೈತೇನ್ರೀ?" ಸಿಸ್ಟರ್ ಅಂದರು, "ನಡೀತೈತಿ ಅಮ್ಮಾ, ಕಬ್ಬಿಣ ಮಾತ್ರ ತಗದಿಡ್ರಿ."

ಅತ್ತೆ ಊರಿಗೆ ಹೋಗಿಲ್ಲ. ನಾನು ಉಣ್ಣುವಾಗ, ಸ್ನಾನ ಮಾಡುವಾಗ ಕುಪ್ಪಸದೊಳಗೆ ಕೂಸನ್ನು ಹಾಕಿಕೊಂಡು ಅಲ್ಲಾಡದೆ ಕೂಡುತ್ತಾರೆ. ಅಡಕೊತ್ತು ಈಗ ಹೊರಸಿನ ಕಾಲಿಗೆ ನೇತಾಡುತ್ತಿದೆ. ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಆದರೆ ನಿನ್ನೆ ಅವರೇ ಅಕ್ಕಿ ಡಬ್ಬಿಯಿಂದ ನನ್ನ ಪುಸ್ತಕ ತೆಗೆದು, ಅಕ್ಕಿಯ ಧೂಳು ಒರೆಸಿ, ಅವ್ವನಿಗೆ ಕಾಣದ ಹಾಗೆ ನನ್ನ ದಿಂಬಿನ ಕೆಳಗೆ ತುರುಕಿದರು. ಆದ್ದರಿಂದ ಅವರ ಮೇಲೆ ಸಿಟ್ಟಾಗಬೇಡಿ. ನನಗೆ ಬಂದಷ್ಟು ಸಾಕು.

ಅಪ್ಪ ಅವ್ವ ನಿಮಗೆ ಆಶೀರ್ವಾದ ಹೇಳಿದ್ದಾರೆ. ಮೂಗಿಗೆ ಕಟ್ಟಿಕೊಳ್ಳಿ. ಬಿಸಿನೀರು ಕುಡಿಯಿರಿ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ, ಕಿವಿಯಲ್ಲಿ ಹೇಳುವ ಮೊದಲ ದನಿ ನಿಮ್ಮದಾಗಲಿ ಎಂದು ತಡೆದಿದ್ದೇನೆ.

ನಿಮ್ಮ
ಶೀಲಾ

ತಾ.ಕ.: ತಂಗಿಯ ಮದುವೆ ಮುಗಿಸಿಕೊಂಡು ಅಲ್ಲಾಭಕ್ಷ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾನೆ, ಇವತ್ತೇ ಗಾಡಿಯಂತೆ, ಕಾಗದ ಅವನ ಕೈಗೆ ಕೊಡಬೇಕು. ಅವ್ವನ ಕಾಲ ಸಪ್ಪಳವೂ ಕೇಳುತ್ತಿದೆ. ಹೇಳಬೇಕಾದದ್ದು ಇಷ್ಟೇ. ನೀವು ಇಷ್ಟು ದಿನ ತೋಳಿನಲ್ಲಿ ಹೊತ್ತದ್ದರಲ್ಲಿ ಒಂದು ಅಡಕೊತ್ತೂ ಇತ್ತು. ನಿನ್ನೆ ಮಲ್ಲಿಕಾ ತೂಗಿದಾಗ ಎರಡು ಕಿಲೋ ನಾನೂರು. ಇದು ನಿಮ್ಮ ಕೈ ಸೇರುವ ಹೊತ್ತಿಗೆ ಅವಳು ನಿಜವಾಗಿಯೂ ಎರಡೂವರೆ ಆಗಿರುತ್ತಾಳೆ, ಆದ್ದರಿಂದ ಚೀಲದಿಂದ ಏನನ್ನೂ ತೆಗೆಯಬೇಡಿ. ತೂಕ ಚೆನ್ನಾಗಿದೆ ಎಂದು ರಜೆ ಬಿಟ್ಟುಕೊಟ್ಟಿರಲ್ಲ, ತೂಕ ಚೆನ್ನಾಗಿರಲಿಲ್ಲ. ಅಲ್ಲಾಭಕ್ಷ ನಿಮ್ಮ ಪಾಳಿ ತಾನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ, ನಾನು ಕೇಳಿದ್ದೇನೆ. ಕೂಸಿನ ಅಪ್ಪನ ಎದೆಯೂ ನಡೆಯುತ್ತದೆ ಎಂದು ಗುಲ್ನಾರ ಸಿಸ್ಟರ್ ಹೇಳಿದ್ದಾರೆ, ಅದನ್ನೂ ನಾನೇ ಕೇಳಿದ್ದು. ಹಿಟ್ಟಿಗೆ ಬಿಸುಪು ಇರುವುದಿಲ್ಲ. ಅದನ್ನು ಮೆಸ್ಸಿನವರಿಗೆ ರೊಟ್ಟಿಗೆ ಕೊಟ್ಟು ಬಂದುಬಿಡಿ.